ಹೆಸರಿಸಲಾಗದಷ್ಟು ಅನೇಕರು

೧

ಸತ್ತವನಿಂದ ಶುರುಮಾಡಲೋ, ಅತ್ತವರಿಂದ ಶುರುಮಾಡಲೋ?

ರೇಡಿಯೋದವರಿಗೆ ಈ ತಾಪತ್ರಯ ಇಲ್ಲ. ಮೊದಲು ಸತ್ತವನ ಹೆಸರು, ಆಮೇಲೆ ಊರವರು ಕರೆಯುತ್ತಿದ್ದ ಅಡ್ಡಹೆಸರು, ವಯಸ್ಸು, ಊರು. ಅದರ ಹಿಂದೆ ‘ಇವರನ್ನು ಕಳೆದುಕೊಂಡು ದುಃಖಿಸುತ್ತಿರುವವರು’ ಎಂದು ಒಂದು ಪಟ್ಟಿ. ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಕೆನಡಾದ ಸೋದರಳಿಯ, ಚರ್ಚಿನಲ್ಲಿ ಹಾಡುವವರು. ಪಟ್ಟಿಯ ಬಾಲಕ್ಕೆ ಯಾವಾಗಲೂ ಒಂದೇ ಸಾಲು: ‘ಹಾಗೂ ಹೆಸರಿಸಲಾಗದಷ್ಟು ಅನೇಕ ಬಂಧುಮಿತ್ರರು’. ಮಣ್ಣು ಎಷ್ಟು ಗಂಟೆಗೆ ಎಂದು ಹೇಳಿ ಮುಂದಿನ ಹೆಣಕ್ಕೆ ಹೋಗುತ್ತಾರೆ.

ದಿನಾ ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ನಮ್ಮೂರು ಆನ್ಸ್ ಮೋರ್ನ್‌ನಲ್ಲಿ ಸೌಟು ಪಾತ್ರೆಯೊಳಗೇ ನಿಲ್ಲುತ್ತದೆ. ಬಲೆ ಹೆಣೆಯುವವನ ಕೈ ನಿಲ್ಲುತ್ತದೆ. ಡೊಮಿನಿಕಾ ದ್ವೀಪದಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನುವುದು ಚರ್ಚಿನ ದಫ್ತರದಲ್ಲಿಲ್ಲ, ಸರ್ಕಾರದ ಕಚೇರಿಯಲ್ಲೂ ಇಲ್ಲ. ಆ ಹತ್ತು ನಿಮಿಷದಲ್ಲಿದೆ. ಯಾರನ್ನು ಮೊದಲು ಓದಿದರು, ಯಾರನ್ನು ಕೆಳಗೆ ತಳ್ಳಿದರು, ಯಾರನ್ನು ಬಿಟ್ಟರು. ಬಿಟ್ಟದ್ದನ್ನು ನಾವು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತೇವೆ.

[ಇದಕ್ಕೆ ಮುಂಚಿನ ಡ್ರಾಫ್ಟು ಹರಿದುಹಾಕಿದ್ದೇನೆ. ಅದರಲ್ಲಿ ಸಮುದ್ರ ಬಹಳ ಇತ್ತು. ಹೇಳಬೇಕಾದ್ದನ್ನು ಹೇಳುವ ಧೈರ್ಯ ಇಲ್ಲದಾಗ ಮನುಷ್ಯ ಸಮುದ್ರವನ್ನು ವರ್ಣಿಸುತ್ತಾನೆ.]

ಅದರ ಹಿಂದಿನ ಡ್ರಾಫ್ಟಿನಲ್ಲಿ ಕಥೆಯ ಹೆಂಗಸಿಗೆ ‘ಮರಿಯ’ ಅಂತ ಹೆಸರಿಟ್ಟಿದ್ದೆ. ನಿಜವಾದವಳು ದಿನಾ ಮಧ್ಯಾಹ್ನ ನನಗೆ ಊಟ ತರುತ್ತಾಳೆ. ಓದಲು ಬಾರದವಳು, ಆದ್ದರಿಂದ ನಾನೇ ಓದಿ ಹೇಳಿದೆ. ಅವಳು ದೀವಿಹಲಸಿನ ಸಿಪ್ಪೆ ಕೆರೆಯುತ್ತ ಕೇಳಿದಳು.

“ಈ ಮರಿಯ ಯಾರು, ಮಿಸ್ಟರ್ ಅನ್ಸೆಲ್ಮ್?”

“ಕಥೆಯವಳು.”

“ನಾನು ತಾನೇ? ಹಾಗಾದ್ರೆ ನನ್ನ ಹೆಸರೇ ಹಾಕಿ. ಒಂದ್ಸಲ ಆದ್ರೂ ಹಾಕಿ.”

ಹಾಕಿದ್ದೇನೆ. ಓನೊರೀನ್.

೨

ಇಪ್ಪತ್ತನಾಲ್ಕು ವರ್ಷದ ಹಿಂದೆ, ಒಂದು ಸೋಮವಾರ ಸಂಜೆ, ತೆಯೊಫಿಲ್ ಲಾರೋಂದ್ ಸತ್ತ. ಆ ಹೆಸರಿನಲ್ಲಿ ಕೇಳಿದರೆ ಊರಿನಲ್ಲಿ ಯಾರಿಗೂ ತಿಳಿಯದು. ಬೋಲೋ ಅಂದರೆ ನಾಯಿಗಳೂ ತಲೆ ಎತ್ತುತ್ತಿದ್ದವು. ದೋಣಿ ಕಟ್ಟುವವನು. ನಮ್ಮ ದಡದಲ್ಲಿ ಅವನ ಕೈಯಿಂದ ಇಳಿಯದ ದೋಣಿ ಇರಲಿಲ್ಲ. ಅರವತ್ತೊಂದಕ್ಕೆ ಲಕ್ವ ಹೊಡೆದು ಬಲಗಡೆ ಪೂರಾ ಬಿದ್ದುಹೋಯಿತು. ಹಾಸಿಗೆಯಲ್ಲಿ ಎರಡು ವರ್ಷ.

ಆ ಎರಡು ವರ್ಷ ಅವನನ್ನು ಮಗ್ಗುಲು ಮಾಡಿಸಿದವಳು, ತೊಳೆದವಳು, ಬಾಳೆಕಾಯಿ ಹಿಸುಕಿ ಉಣ್ಣಿಸಿದವಳು ಓನೊರೀನ್. ಹೆಂಡತಿ ಕ್ಲೋತಿಲ್ದಾಗೆ ಮಂಡಿ ನೋವು. ಮಗಳು ವರ್ನೀಸ್ ಪೇಟೆಯಲ್ಲಿ ಟೀಚರು. ಗಂಡುಮಕ್ಕಳಿಬ್ಬರು ಸಮುದ್ರದಾಚೆ. ಓನೊರೀನ್ ಆ ಮನೆಗೆ ಏನಾಗಬೇಕು ಎಂದು ಹೊರಗಿನವರು ಕೇಳಿದರೆ, “ನಮ್ಮ ಕೆಲಸಕ್ಕೆ ಬರೋಳು” ಅನ್ನುತ್ತಿದ್ದರು. ಊರೊಳಗಿನವರು ಕೇಳುತ್ತಲೇ ಇರಲಿಲ್ಲ. ಕೇಳಬೇಕಾದ್ದೇನು? ಬೋಲೋನ ಹಾಗೆ ಅವಳಿಗೂ ಎಡಗಿವಿ ಸ್ವಲ್ಪ ಮಡಚಿಕೊಂಡಿತ್ತು. ಅವನ ಹಾಗೆಯೇ ಅವಳೂ ನಗುವ ಮುಂಚೆ ಮೂಗು ಉಜ್ಜಿಕೊಳ್ಳುತ್ತಿದ್ದಳು. ಅವಳ ತಾಯಿ ಸಿದೋನಿ ಮೀನಿನ ಬುಟ್ಟಿ ಹೊತ್ತೇ ಬದುಕಿ, ಹೊತ್ತೇ ಸತ್ತವಳು. ಒಂದು ದಿನವೂ ಬಾಯಿಬಿಟ್ಟವಳಲ್ಲ.

ಬೋಲೋ ಅವಳನ್ನು ಕರೆಯುತ್ತಿದ್ದುದು “ಏ ಹುಡುಗಿ” ಅಂತ. ಅವಳಿಗೆ ಆಗ ಮೂವತ್ತಾರು. ಒಂದೇ ಒಂದು ಸಲ, ಬೆನ್ನು ಉಜ್ಜುತ್ತಿರುವಾಗ, ಸೊಟ್ಟಬಾಯಲ್ಲಿ ಹೇಳಿದನಂತೆ: “ನಿಂದೂ ನಿಮ್ಮವ್ವನ ಕೈಯೇ.” ಅಷ್ಟೇ. ಅದನ್ನು ಅವಳು ಮಡಚಿ ಇಟ್ಟುಕೊಂಡಿದ್ದಾಳೆ.

[ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಓದುವವರು ಕಣ್ಣೊರೆಸಿಕೊಂಡು ಎದ್ದುಹೋಗುತ್ತಿದ್ದರು. ಆದರೆ ಬುಧವಾರ ಇನ್ನೂ ಬಂದಿಲ್ಲ.]

೩

ಮಂಗಳವಾರ ಬೆಳಿಗ್ಗೆ. ಹೆಣ ಮೀನಿಗೆ ತಂದ ಐಸಿನ ಮೇಲಿದೆ. ರೇಡಿಯೋಗೆ ಕಾಗದ ಬರೆಯಬೇಕು. ಇಂಥ ಕಾಗದಗಳನ್ನೆಲ್ಲ ಬರೆಯಲು ಊರಿನಲ್ಲಿ ಒಬ್ಬ ಮುದುಕ ಇದ್ದ. ಐದನೇ ಕ್ಲಾಸು ಓದಿದವನು, ಅಕ್ಷರ ದುಂಡಗೆ. ಅವನ ವಿಷಯ ಹೆಚ್ಚು ಬೇಡ, ಕಥೆಗೆ ಅವನು ಮುಖ್ಯ ಅಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದರು.

“ಬರ್ಕೋ,” ಅಂದಳು ಕ್ಲೋತಿಲ್ದಾ. “ಕ್ಲೋತಿಲ್ದಾಳ ಪ್ರೀತಿಯ ಗಂಡ.”

ವರ್ನೀಸ್ ಕಿಸಕ್ಕನೆ ನಕ್ಕಳು. “ಅಮ್ಮಾ! ನೀನು ಅಪ್ಪನ ಜೊತೆ ಮಾತಾಡಿ ಯಾವ ಕಾಲ ಆಯ್ತು? ಏನಿದ್ರೂ ನಾಯಿಗೆ ಹೇಳಿ ಅಪ್ಪನಿಗೆ ಕೇಳಿಸ್ತಿದ್ದೆ.”

“ನಾಯಿಗೆ ಹೇಳಿದ್ರೂ ಅವರಿಗೆ ಅರ್ಥ ಆಗ್ತಿತ್ತಲ್ಲ. ಅದು ಪ್ರೀತಿ ಅಲ್ದೆ ಮತ್ತೇನು? ಬರ್ಕೋ ನೀನು.”

ಮುದುಕ ಬರೆದುಕೊಂಡ. ಮಕ್ಕಳು ಮೂರು. ದೊಡ್ಡಸೊಸೆಯ ಹೆಸರು ಮೊದಲೋ ಚಿಕ್ಕಸೊಸೆಯದೋ ಎಂದು ಅರ್ಧ ಗಂಟೆ. ಮೊಮ್ಮಕ್ಕಳು ಎಂಟು, ಒಂದರ ಹೆಸರು ಯಾರಿಗೂ ನೆನಪಾಗದೆ “ಲಂಡನ್ನಿನ ಮಗು” ಅಂತ ಆಯಿತು. ಇಪ್ಪತ್ತು ವರ್ಷದಿಂದ ಒಂದು ಕಾಗದ ಹಾಕದ ಕೆನಡಾದ ಸೋದರಳಿಯ ನಾಲ್ಕನೇ ಸಾಲಿಗೇ ಏರಿದ. “ಅವನು ಕೆನಡಾದಲ್ಲಿದ್ದಾನೆ ಅಂತ ಊರಿಗೆ ಕೇಳ್ಬೇಕು,” ಅಂದಳು ಕ್ಲೋತಿಲ್ದಾ. ಬೇಲಿಜಗಳದ ಪಕ್ಕದ ಮನೆಯವನೂ ಸೇರಿದ, ಇಲ್ಲದಿದ್ದರೆ ಪೆಟ್ಟಿಗೆಗೆ ಹೆಗಲು ಕೊಡುವುದಿಲ್ಲ. ವರ್ನೀಸಳ ಶಾಲೆಯ ಸಮಸ್ತ ಸಿಬ್ಬಂದಿ. ಕ್ರಿಕೆಟ್ ತಂಡ, ಬೋಲೋ ಜನ್ಮದಲ್ಲಿ ಬ್ಯಾಟು ಹಿಡಿದವನಲ್ಲ, ಅವರಿಗೆ ಒಂದು ಬೆಂಚು ಮಾಡಿಕೊಟ್ಟಿದ್ದ.

ನಲವತ್ತಮೂರು ಹೆಸರಾಯಿತು. ಒಳಗಡೆ ಅಡುಗೆಮನೆಯಿಂದ ಕಲ್ಲಿನ ಮೇಲೆ ಏನೋ ಕುಟ್ಟುವ ಸದ್ದು. ದುಃಖಕ್ಕೆ ಬಂದವರಿಗೆ ಕೋಕೋ ಕಾಯಿಸಲು ಓನೊರೀನ್ ಚಕ್ಕೆ ಕುಟ್ಟುತ್ತಿದ್ದಳು. ಮುದುಕನ ಪೆನ್ನು ನಿಂತಿತು. ಅವನು ತಲೆ ಎತ್ತಿ ಕ್ಲೋತಿಲ್ದಾಳ ಮುಖ ನೋಡಿದ. ಅವಳೂ ನೋಡಿದಳು. ಕುಟ್ಟುವ ಸದ್ದು ಒಂದೇ ಸಮ ಬರುತ್ತಿತ್ತು.

“ಏನು ನೋಡ್ತೀಯ?” ಅಂದಳು, ದನಿ ತಗ್ಗಿಸಿ. “ಊರಿಗೆ ಗೊತ್ತಿರೋದು ಬೇರೆ, ರೇಡಿಯೋದಲ್ಲಿ ಬರೋದು ಬೇರೆ. ಊರಿಗೆ ಗೊತ್ತಿದ್ರೆ ಅದು ನನ್ನ ಗಂಡನ ತಪ್ಪು. ರೇಡಿಯೋದಲ್ಲಿ ಬಂದ್ರೆ, ಮೂವತ್ತಾರು ವರ್ಷ ಗೊತ್ತಿದ್ದೂ ಸುಮ್ಮನಿದ್ದೆ ಅಂತ ನನ್ನ ತಪ್ಪು.”

ಮುದುಕ ಕಾಗದದ ಕಡೆ ತಲೆ ಬಗ್ಗಿಸಿದ.

“ಸಾಕು. ಕೊನೇ ಸಾಲು ಬರೆದುಬಿಡು.”

ಬರೆದ. ಹಾಗೂ ಹೆಸರಿಸಲಾಗದಷ್ಟು ಅನೇಕ ಬಂಧುಮಿತ್ರರು.

೩ (ಮತ್ತೆ)

ಕಾಗದವನ್ನು ರೋಸೋ ಪೇಟೆಗೆ ತೆಗೆದುಕೊಂಡು ಹೋಗಬೇಕು. ಆಗ ರೇಡಿಯೋದವರು ಫೋನಿನಲ್ಲಿ ಒಪ್ಪುತ್ತಿರಲಿಲ್ಲ. ಯಾರೋ ತಮಾಷೆಗೆ ಬದುಕಿದ್ದ ಭಾವನನ್ನು ಸಾಯಿಸಿಬಿಟ್ಟಿದ್ದನಂತೆ; ಅಂದಿನಿಂದ ಕಾಗದ ಕೈಗೇ ಬರಬೇಕು, ತಂದವರು ಕೌಂಟರಿನ ಮುಂದೆ ನಿಲ್ಲಬೇಕು.

“ನಾನು ಹೋಗ್ತೀನಿ,” ಅಂದಳು ಓನೊರೀನ್. ಮನೆಯವರಿಗೂ ಅದೇ ಬೇಕಿತ್ತು. ಅಷ್ಟು ನಂಬಿಗಸ್ತಳು ಬೇರೆ ಯಾರು?

ಬುಧವಾರ ಬೆಳಿಗ್ಗೆ ಆರರ ಬಸ್ಸಿಗೆ ಚರ್ಚಿಗೆ ಹಾಕುವ ಹ್ಯಾಟು ಹಾಕಿಕೊಂಡು ಬಂದಳು. ಶುದ್ಧಪ್ರತಿ ಮಾಡಿಟ್ಟ ಕಾಗದ ಇಸಿದುಕೊಳ್ಳಲು ಮುದುಕನ ಬಾಗಿಲಿಗೆ ಬಂದು, ಎರಡು ಕೈಯಲ್ಲೂ ಹಿಡಿದುಕೊಂಡು, ತಿರುಗಿಸಿ ತಿರುಗಿಸಿ ನೋಡಿದಳು.

“ಪಾರೆನ್,” ಅಂದಳು. ಪಾರೆನ್ ಅಂದರೆ ನಮ್ಮಲ್ಲಿ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡವನು. ಅಪ್ಪ ಇಲ್ಲದ ಮಗುವಿಗೆ ಅರ್ಧ ಅಪ್ಪ. “ಪಾರೆನ್, ನಾನು ಇದರಲ್ಲಿ ಇದ್ದೀನಾ?”

“ಇದ್ದೀಯ,” ಅಂದ ಮುದುಕ.

“ಎಲ್ಲಿ?”

“ಕೊನೇ ಸಾಲಿನಲ್ಲಿ.”

“ಕೊನೇದಾದ್ರೇನು, ನೀನು ಬರೆದಿದ್ದೀಯಲ್ಲ.” ಮೂಗು ಉಜ್ಜಿಕೊಂಡಳು, ನಕ್ಕಳು, ಕಾಗದವನ್ನು ಎದೆಯ ಹತ್ತಿರ ಇಟ್ಟುಕೊಂಡು ಬಸ್ಸು ಹತ್ತಿದಳು.

[ಇಲ್ಲಿ ಮುದುಕ ಬಸ್ಸಿನ ಹಿಂದೆ ಓಡಿದ ಎಂದು ಒಂದು ಡ್ರಾಫ್ಟಿನಲ್ಲಿ ಬರೆದಿದ್ದೆ. ಚೆನ್ನಾಗಿ ಓಡಿಸಿದ್ದೆ, ಚಪ್ಪಲಿ ಕಿತ್ತುಹೋಗುವಷ್ಟು. ಸುಳ್ಳು. ಅವನು ಬಾಗಿಲು ಹಾಕಿಕೊಂಡ.]

೪

ಇಷ್ಟನ್ನು ಓದಿ ಹೇಳಿದ ದಿನ ಓನೊರೀನ್ ಚಾಕು ಕೆಳಗಿಟ್ಟಳು.

“ಈ ಮುದುಕ ಯಾರು, ಮಿಸ್ಟರ್ ಅನ್ಸೆಲ್ಮ್?”

“ಕಥೆಯವನು.”

“ಮರಿಯಾನೂ ಕಥೆಯವಳಾಗಿದ್ಲು. ಆಗ ನಿಮಗೆ ಐವತ್ತೆಂಟು. ಯಾವ ಮುದುಕ? ಆ ವರ್ಷ ಚರ್ಚಿನ ಮಾಡು ನೀವೇ ಹತ್ತಿ ಹೊದಿಸಿದ್ರಿ. ನನ್ನ ಹೆಸರು ಹಾಕೋಕೆ ಬಂತು. ನಿಮ್ಮ ಹೆಸರು ಹಾಕೋಕೆ ಏನಾಯ್ತು?”

“ಕಥೆ ಬರೆಯೋನು ಸ್ವಲ್ಪ ದೂರ ನಿಂತು...”

“ನೀವು ಯಾವಾಗಲೂ ಸ್ವಲ್ಪ ದೂರಾನೇ ನಿಂತಿದ್ರಿ,” ಅಂದಳು. ಕೋಪದಲ್ಲಿ ಅಲ್ಲ. ಉಪ್ಪು ಸ್ವಲ್ಪ ಕಡಿಮೆ ಅನ್ನುವ ಹಾಗೆ.

ಸರಿ. ಕಾಗದದ ಮುದುಕ ನಾನೇ. ಪಾರೆನ್ ನಾನೇ. ಈ ಊರಿನ ನಲವತ್ತು ವರ್ಷದ ಸಾವುಗಳನ್ನೆಲ್ಲ ದುಂಡಕ್ಷರದಲ್ಲಿ ಬರೆದವನು, ಯಾರು ಯಾರಿಗೆ ಏನಾಗಬೇಕು ಎನ್ನುವುದು ಪೂರಾ ಗೊತ್ತಿದ್ದು, ಹೇಳಿದಷ್ಟನ್ನೇ ಬರೆದವನು.

೫

ಹಾಗಾದರೆ ಇದನ್ನೂ ಹೇಳಿಬಿಡಬೇಕು. ಅರವತ್ತು ವರ್ಷದ ಹಿಂದೆ ಓನೊರೀನಳ ಜ್ಞಾನಸ್ನಾನಕ್ಕೆ ನಾನು ಮಗು ಎತ್ತಿಕೊಂಡು ನಿಂತಿದ್ದೆ. ಹಿಂದಿನ ದಿನ ಬೋಲೋ, ನನ್ನ ಜೀವದ ಗೆಳೆಯ, ದೋಣಿಯ ಅಡಿಗೆ ಕೀಲೆಣ್ಣೆ ಬಳಿಯುತ್ತ ಹೇಳಿದ್ದ: “ನೀನು ಎತ್ಕೋ. ಪಾದ್ರಿ ಕೇಳಿದ್ರೆ ನನ್ನ ಹೆಸರು ಹೇಳ್ಬೇಡ. ಮದುವೆಯಾಗಿ ಇನ್ನೂ ಎರಡು ವರ್ಷ.” ಪಾದ್ರಿ ಕೇಳಿದರು: “ತಂದೆಯ ಹೆಸರು?” ಸಿದೋನಿ ನೆಲ ನೋಡಿದಳು. ನಾನು ಹೇಳಿದೆ: “ಗೊತ್ತಿಲ್ಲ, ಫಾದರ್.” ಪಾದ್ರಿ ಒಂದು ಗೆರೆ ಎಳೆದರು.

ಬೈಬಲ್ಲಿನಲ್ಲಿ ಶಿಷ್ಯನೊಬ್ಬ ತನ್ನ ಗುರುವನ್ನೇ ‘ಗೊತ್ತಿಲ್ಲ’ ಎಂದು ಮೂರು ಸಲ ಅಂದಮೇಲೆ ಕೋಳಿ ಕೂಗುತ್ತದೆ. ನನ್ನದು ಎರಡು ಸಲ ಆಗಿದೆ. ನನ್ನ ಕೋಳಿ ಇನ್ನೂ ಕಾಯುತ್ತಿದೆಯೋ, ಯಾರಾದರೂ ಸಾರು ಮಾಡಿಬಿಟ್ಟರೋ ತಿಳಿಯದು.

೬

ಬುಧವಾರ. ಬಸ್ಸು ಪೇಟೆ ಮುಟ್ಟಲು ಎರಡೂವರೆ ಗಂಟೆ. ಅಲ್ಲಿ ಏನಾಯಿತು? ನಾನು ಅಲ್ಲಿರಲಿಲ್ಲ. ಹೀಗಾಗಿ ಅಂತ್ಯಗಳನ್ನು ಕಟ್ಟಿದ್ದೇನೆ. ಒಂದೊಂದನ್ನೂ ಓನೊರೀನ್‌ಗೆ ಓದಿ ತೋರಿಸಿದ್ದೇನೆ.

ಮೊದಲನೇ ಅಂತ್ಯ: ಕೌಂಟರಿನ ಹೆಂಗಸು ಕಾಗದ ಓದುತ್ತಾಳೆ. ಓನೊರೀನ್ ಮೇಜು ಗುದ್ದಿ “ನಾನು ಅವನ ಮಗಳು, ಬರ್ಕೊಳ್ಳಿ” ಅನ್ನುತ್ತಾಳೆ. ಗುರುವಾರ ಪೆಟ್ಟಿಗೆಯ ಹಿಂದೆ, ಮನೆಯವರ ಸಾಲಿನಲ್ಲಿ, ಕಪ್ಪು ಬಟ್ಟೆಯಲ್ಲಿ ನಡೆಯುತ್ತಾಳೆ.

“ಸಿನಿಮಾ,” ಅಂದಳು ಓನೊರೀನ್. “ನನ್ನ ಹತ್ರ ಕಪ್ಪು ಬಟ್ಟೆ ಎಲ್ಲಿತ್ತು?”

ಎರಡನೇದು: ಅವಳು ಕಾಗದವನ್ನು ಸಮುದ್ರಕ್ಕೆ ಎಸೆಯುತ್ತಾಳೆ. ರೇಡಿಯೋದಲ್ಲಿ ಬರುವುದೇ ಇಲ್ಲ. ಮಣ್ಣಿಗೆ ಹನ್ನೊಂದು ಜನ.

“ಅವರ ಮಣ್ಣಿಗೆ ಚರ್ಚಿನಲ್ಲಿ ನಿಲ್ಲೋಕೆ ಜಾಗ ಇರ್ಲಿಲ್ಲ. ನೀವೂ ಹೊರಗೇ ನಿಂತಿದ್ರಿ. ಮರೆತ್ರಾ?”

ಮರೆತಿಲ್ಲ. ಒಳಗೆ ನನಗೊಬ್ಬನಿಗೆ ಜಾಗ ಇತ್ತು.

ಮೂರನೇದು: ಕೌಂಟರಿನ ಹೆಂಗಸು, ಅವರ ಪದ್ಧತಿಯಂತೆ, ತಪ್ಪಾಗಬಾರದೆಂದು ಕಾಗದವನ್ನು ತಂದವಳ ಮುಂದೆಯೇ ಗಟ್ಟಿಯಾಗಿ ಓದುತ್ತಾಳೆ. ಗಂಡನಿಂದ ಶುರುಮಾಡಿ ಕ್ರಿಕೆಟ್ ತಂಡದವರೆಗೆ. ಓನೊರೀನ್ ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಾಳೆ. ಈಗ ಬರುತ್ತೆ, ಈಗ ಬರುತ್ತೆ. ಕೊನೇ ಸಾಲು ಬರುತ್ತದೆ. ಹೆಸರಿಸಲಾಗದಷ್ಟು ಅನೇಕರು. ಓದುವ ಹೆಂಗಸು ತಲೆ ಎತ್ತಿ ಕೇಳುತ್ತಾಳೆ: “ಸರಿಯಾಗಿದೆಯಾ? ತಿದ್ದೋದು, ಸೇರಿಸೋದು ಏನಾದ್ರೂ ಇದೆಯಾ?” ಓನೊರೀನ್ ಹ್ಯಾಟನ್ನು ಮತ್ತೆ ತಲೆಗಿಟ್ಟುಕೊಳ್ಳುತ್ತಾಳೆ. ಆಮೇಲೆ ಹೇಳುತ್ತಾಳೆ: “ಬಡಗಿ ಅಂತ ಇದೆ. ಬಡಗಿ ಅಲ್ಲ. ದೋಣಿ ಕಟ್ಟೋರು. ಅದು ಹಾಕಿ.”

ಇಲ್ಲಿ ಓನೊರೀನ್ ನನ್ನ ಕಡೆ ತಿರುಗಿದಳು. ಸಿಪ್ಪೆ ಕೆರೆಯುವುದು ನಿಂತಿತ್ತು.

“ಇದನ್ನ ನಿಮಗೆ ಯಾರು ಹೇಳಿದ್ರು?”

“ಯಾರೂ ಇಲ್ಲ. ನಾನೇ ಕಟ್ಟಿದ್ದು.”

“ಹೂಂ.”

“ಆಮೇಲೆ ಏನಾಯ್ತು, ಓನೊರೀನ್? ಅಷ್ಟೇನಾ? ಬೇರೆ ಏನಾದ್ರೂ ಸೇರಿಸಿದೆಯಾ?”

“ಕಥೆ ನಿಮ್ಮದಲ್ವಾ?” ಅಂದಳು. “ರೇಡಿಯೋ ನಿಮ್ಮ ಮನೇಲೂ ಇತ್ತಲ್ಲ. ಮಧ್ಯಾಹ್ನ ಕೇಳ್ಲಿಲ್ವಾ?”

೭

ಕೇಳಲಿಲ್ಲ. ಇದು ನನ್ನ ಅತ್ಯಂತ ಕೀಳು ಗುಟ್ಟು. ನಲವತ್ತು ವರ್ಷದಲ್ಲಿ ನಾನು ಬರೆದ ಒಂದು ಸಾವನ್ನೂ ರೇಡಿಯೋದಲ್ಲಿ ಕೇಳದೆ ಬಿಟ್ಟವನಲ್ಲ. ಆ ಬುಧವಾರ ಹನ್ನೆರಡೂವರೆಗೆ ರೇಡಿಯೋದ ಬ್ಯಾಟರಿ ಬಿಚ್ಚಿ, ಅಕ್ಕಿ ಡಬ್ಬದೊಳಗೆ ಹೂತು, ಮುಚ್ಚಳ ಹಾಕಿ, ಅದರ ಮೇಲೆ ಕೂತೆ. ಪಕ್ಕದ ಮನೆಯ ದನಿ ಬಂದೀತೆಂದು ಕಿವಿಗೆ ಬಟ್ಟೆ ತುರುಕಿಕೊಂಡೆ. ಐವತ್ತೆಂಟು ವರ್ಷದ ಗಂಡಸು, ಅಕ್ಕಿ ಡಬ್ಬದ ಮೇಲೆ.

ಹೀಗೆ ಇಡೀ ದ್ವೀಪ ಕೇಳಿದ್ದನ್ನು ಕೇಳದೆ ಉಳಿದವನು ನಾನೊಬ್ಬನೇ.

ಮೂರರ ಬಸ್ಸಿಗೆ ಅವಳು ವಾಪಸು ಬಂದಳು. ನನ್ನ ಬಾಗಿಲ ಮುಂದೆ ನಿಂತು, ಕೌಂಟರಿನವರು ಕೊಟ್ಟ ಚೀಟಿಯನ್ನು ಚಾಚಿದಳು. “ಕೊಟ್ಟು ಬಂದೆ, ಮಿಸ್ಟರ್ ಅನ್ಸೆಲ್ಮ್. ಇದನ್ನ ನೀವು ಇಟ್ಕೊಳ್ಳಿ.” ಮೂವತ್ತಾರು ವರ್ಷ ‘ಪಾರೆನ್, ನೀನು’ ಅಂದವಳು. ಅಂದಿನಿಂದ ಇಂದಿನವರೆಗೆ, ನನಗೆ ಜ್ವರ ಬಂದಾಗ, ಕಾಲು ಮುರಿದಾಗ, ಈಗ ಎದೆಯಲ್ಲಿ ಗಂಟು ಎಂದು ಡಾಕ್ಟರು ಹೇಳಿದಾಗ, ಒಂದು ದಿನ ಊಟ ತಪ್ಪಿಸಿಲ್ಲ. ಒಂದು ದಿನ ಪಾರೆನ್ ಅಂದಿಲ್ಲ.

ಊರವರನ್ನು ಓರೆಯಾಗಿ ಕೇಳಿ ನೋಡಿದ್ದೇನೆ. ಅಂಗಡಿಯ ಮಾ ತಿನ್ ಆಣೆ ಇಟ್ಟು ಹೇಳುತ್ತಾಳೆ: “ಮಗಳು ಓನೊರೀನ್ ಅಂತ ಸ್ಪಷ್ಟವಾಗಿ ಬಂತು, ನನ್ನ ರೋಮ ನಿಂತಿತು.” [ಮಾ ತಿನ್‌ಳ ಮಗನಿಗೂ ಅಪ್ಪ ರೇಡಿಯೋದಲ್ಲಿ ಸಿಕ್ಕಿಲ್ಲ.] ವರ್ನೀಸ್: “ಏನೂ ಸೇರಿಸಿರ್ಲಿಲ್ಲ, ನಾವು ಬರೆಸಿದ್ದೇ ಓದಿದ್ರು. ಯಾಕೆ, ಯಾರಾದ್ರೂ ಏನಾದ್ರೂ ಅಂದ್ರಾ?” ಪಾದ್ರಿ: “ನಾನು ಊಟಕ್ಕೆ ಕೂತಿದ್ದೆ ಮಗನೇ, ಸೂಪು ಕುಡಿಯುವಾಗ ಕಿವಿ ಕೇಳಲ್ಲ.” ಕ್ಲೋತಿಲ್ದಾಳನ್ನು ಕೇಳುವ ಧೈರ್ಯ ಬರಲಿಲ್ಲ. ಅವಳಿಗೀಗ ಎಂಬತ್ತೈದು. ದಿನಾ ಮಧ್ಯಾಹ್ನ ರೇಡಿಯೋವನ್ನು ಕಿವಿಗೆ ಆನಿಸಿಕೊಂಡೇ ಕೂರುತ್ತಾಳೆ.

೭ ಆದಮೇಲೆ

ನನ್ನ ಕಾಗದ ನಾನೇ ಬರೆದಿಡುತ್ತಿದ್ದೇನೆ. ಬೇರೆ ಯಾರ ಅಕ್ಷರವೂ ನನಗೆ ಒಪ್ಪದು. ಅನ್ಸೆಲ್ಮ್ ಜೊಸೆಫ್, ಕಾಗದದ ಅನ್ಸೆಲ್ಮ್ ಎಂದೇ ಪರಿಚಿತರು, ಎಂಬತ್ತೆರಡು, ಆನ್ಸ್ ಮೋರ್ನ್. ಮದುವೆಯಾಗಲಿಲ್ಲ. ಅಣ್ಣತಮ್ಮಂದಿರನ್ನೆಲ್ಲ ನಾನೇ ಬರೆದು ಮುಗಿಸಿದ್ದೇನೆ. ದುಃಖಿಸುತ್ತಿರುವವರು: ಒಂದೇ ಹೆಸರು.

ನಿನ್ನೆ ಓದಿ ತೋರಿಸಿದೆ. “ಜ್ಞಾನಸ್ನಾನದ ಮಗಳು, ಓನೊರೀನ್.” ಅವಳಿಗೆ ಸಂತೋಷವಾಗುತ್ತದೆಂದು ಎಣಿಸಿದ್ದೆ. ಮುದುಕರು ಹೀಗೇ ಎಣಿಸುತ್ತಾರೆ.

ಅವಳು ತಟ್ಟೆ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡಳು.

“ಅದನ್ನ ತೆಗೆದುಬಿಡಿ, ಮಿಸ್ಟರ್ ಅನ್ಸೆಲ್ಮ್.”

“ಯಾಕೆ?”

“ನನ್ನನ್ನ ಕೊನೇ ಸಾಲಿಗೇ ಹಾಕಿ. ಅಲ್ಲಿ ನನಗೆ ಅಭ್ಯಾಸ ಆಗಿದೆ.”

ನಾನು ಕೌಂಟರಿನ ಹೆಂಗಸಿನ ಹಾಗೆ ಕೇಳಿದೆ: “ಸೇರಿಸೋದು ಏನಾದ್ರೂ ಇದೆಯಾ?”

ಮೂಗು ಉಜ್ಜಿಕೊಂಡಳು. ನಗುತ್ತಾಳೇನೋ ಅಂದುಕೊಂಡೆ. ನಗಲಿಲ್ಲ. “ನಾಳೆ ಕೆಸುವಿನ ಗಡ್ಡೆ ತರ್ತೀನಿ,” ಅಂದು ಮೆಟ್ಟಿಲಿಳಿದಳು.

ಈಗ ಕಾಗದ ನನ್ನ ಮುಂದಿದೆ. ಅವಳು ಹೇಳಿದಂತೆ ಹೆಸರು ಹೊಡೆದುಹಾಕಿದರೆ ಉಳಿಯುವುದು ಕೊನೇ ಸಾಲು ಮಾತ್ರ. ಯಾರೂ ಇಲ್ಲದ ಮುದುಕನಿಗೆ ಹೆಸರಿಸಲಾಗದಷ್ಟು ಅನೇಕರು. ಹೆಸರನ್ನು ಹಾಗೇ ಬಿಟ್ಟರೆ, ಎರಡು ಸಲ ಅವಳನ್ನು ಅಲ್ಲಗಳೆದವನು ಮೂರನೇ ಸಲ ಅವಳ ಮಾತೂ ಕೇಳಲಿಲ್ಲ ಅಂತ ಆಗುತ್ತದೆ. ಇನ್ನೂ ಒಂದು ದಾರಿ ಇದೆ. ಅವಳ ಹೆಸರಿನ ಮುಂದೆ ನಾಲ್ಕು ಪದ ಜಾಗ ಬಿಟ್ಟಿದ್ದೇನೆ. ‘ತೆಯೊಫಿಲ್ ಲಾರೋಂದ್, ಬೋಲೋನ ಮಗಳು.’ ನನ್ನ ಸಾವಿನ ಪಟ್ಟಿ ನನ್ನದು, ರೇಡಿಯೋದವರು ಅಕ್ಷರ ಬಿಡದೆ ಓದುತ್ತಾರೆ. ಕ್ಲೋತಿಲ್ದಾ ಕಿವಿಗೆ ಆನಿಸಿಕೊಂಡಿರುತ್ತಾಳೆ. ಸೌಟುಗಳು ನಿಂತಿರುತ್ತವೆ. ಸತ್ತವನನ್ನು ಯಾರೂ ಜಗಳಕ್ಕೆ ಕರೆಯುವುದಿಲ್ಲ. ಹೆದರುವವನಿಗೆ ಇದಕ್ಕಿಂತ ಅನುಕೂಲದ ಧೈರ್ಯ ಸಿಕ್ಕೀತೇ?

[ಅದು ಅವಳಿಗಾಗಿಯೋ, ನನ್ನ ಭಾರ ಇಳಿಯಲಿ ಅಂತಲೋ ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಕೇಳಿಕೊಳ್ಳುತ್ತ ಪೆನ್ನಿನ ಮುಚ್ಚಳ ಹಾಕುತ್ತಿದ್ದೇನೆ, ತೆಗೆಯುತ್ತಿದ್ದೇನೆ. ಎಷ್ಟು ಸಲ ಎಂದು ಎಣಿಸಿಲ್ಲ.]

ಏನು ಬರೆದೆ ಎಂದು ಇಲ್ಲಿ ಹೇಳುವುದಿಲ್ಲ. ಡಾಕ್ಟರು ಹೇಳಿದ ಲೆಕ್ಕ ಸರಿಯಾಗಿದ್ದರೆ ಬಹಳ ದಿನ ಕಾಯಬೇಕಾಗಿಲ್ಲ. ಒಂದಕ್ಕೆ ಹತ್ತು ನಿಮಿಷ ಇರುವಾಗ ರೇಡಿಯೋ ಹಾಕಿ. ಊರು ಕೇಳುತ್ತದೆ, ಕ್ಲೋತಿಲ್ದಾ ಕೇಳುತ್ತಾಳೆ, ಖಾಲಿ ತಟ್ಟೆ ಕೈಯಲ್ಲಿ ಹಿಡಿದು ಓನೊರೀನ್ ಕೇಳುತ್ತಾಳೆ. ಈ ಸಲವೂ ಕೇಳದೆ ಉಳಿಯುವವನು ನಾನೊಬ್ಬನೇ.